ಅಪ್‌ಡೇಟ್: ‘ತಿಥಿ’ಯ ಮಾತು ಈಗ ಸ್ಪಷ್ಟವಾಗಿ ಕೇಳಿಸ್ತಿದೆ

ಹೋದ ವಾರ ಕೇಳಿದ್ದೆ: ಮನೆ ಟಿವಿಯಲ್ಲಿ ‘ತಿಥಿ’ ಸಿನಿಮಾ ಹಾಕಿದರೆ ಮಂಡ್ಯ ಕಡೆಯ ಆ ಮಾತು ಅರ್ಧ ಕೇಳಿಸಲ್ಲ, ಮುಖಗಳೂ ಧಾರಾವಾಹಿ ಥರ ನಯವಾಗಿ ಕಾಣ್ತವೆ ಅಂತ. ಎರಡೂ ಸರಿಹೋಯ್ತು.

ಮಾತಿಗೆ ಕೆಲಸ ಮಾಡಿದ್ದು, ಆಡಿಯೊವನ್ನು 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಹಂಚಿದ ಧ್ವನಿ) ಬದಲು ಸ್ಟೀರಿಯೊ (ಎರಡು ಸ್ಪೀಕರ್‌ನದು) ಮಾಡಿ ಅಂದವರ ಸಲಹೆ. 5.1ರಲ್ಲಿ ಸಂಭಾಷಣೆ ಹೆಚ್ಚಾಗಿ ಮಧ್ಯದ ಸ್ಪೀಕರ್‌ಗೆ ಹೋಗುತ್ತೆ. ಎರಡೇ ಸ್ಪೀಕರ್ ಇರೋ ಟಿವಿ ಅದನ್ನು ಬೆರೆಸುವಾಗ ಮಾತು ಹಿಂದೆ ಸರಿದುಬಿಡುತ್ತೆ. ಆ್ಯಪ್‌ನಲ್ಲೂ ಟಿವಿಯ ಸೌಂಡ್ ಔಟ್‌ಪುಟ್‌ನಲ್ಲೂ, ಎರಡೂ ಕಡೆ ಬದಲಾಯಿಸಬೇಕು. ಒಂದೇ ಕಡೆ ಮಾಡಿದಾಗ ವ್ಯತ್ಯಾಸ ಕಾಣಲಿಲ್ಲ. ಮಾತನ್ನು ಎತ್ತಿ ಕೇಳಿಸೋ ‘ಕ್ಲಿಯರ್ ವಾಯ್ಸ್’ ಸೆಟ್ಟಿಂಗ್ ಬೇಡ, ಧ್ವನಿ ತಗಡಿನ ಡಬ್ಬದೊಳಗಿಂದ ಬಂದ ಹಾಗಾಗುತ್ತೆ. ಜೋರು ಸದ್ದು, ಮೆಲುದನಿಯ ಅಂತರ ತಗ್ಗಿಸೋ ನೈಟ್ ಮೋಡ್‌ನಿಂದ ತುಸು ಉಪಯೋಗ.

ಚಿತ್ರಕ್ಕೆ: ಮೋಷನ್ ಸ್ಮೂತಿಂಗ್ ಪೂರ್ತಿ ಆಫ್. ಸೆಕೆಂಡಿಗೆ 24 ಫ್ರೇಮಿನ ಸಿನಿಮಾಕ್ಕೆ ಟಿವಿ ತಾನೇ ನಡುನಡುವೆ ಫ್ರೇಮ್ ಹುಟ್ಟಿಸಿ ತುಂಬುತ್ತೆ, ಅದರಿಂದಲೇ ಆ ನಯ. ಶಾರ್ಪ್‌ನೆಸ್ಸನ್ನೂ ಇಳಿಸಿ, ಗಡ್ಡದ ಕೂದಲ ಸುತ್ತ ಬಿಳಿ ಅಂಚು ಬರೋದು ನಿಲ್ಲುತ್ತೆ.

ನಿಜಕ್ಕೂ ಅಚ್ಚರಿಯಾಗಿದ್ದು ಆಮೇಲೆ. ಈ ಸಿನಿಮಾದಲ್ಲಿ ನಟಿಸಿರೋರು ನಟನೆಯ ತರಬೇತಿಯೇ ಇಲ್ಲದ ಹಳ್ಳಿಯ ಜನ. ಪಾತ್ರ ಇರೋದೇ ನಡಿಗೆಯಲ್ಲಿ, ಮಾತಿನ ನಡುವಿನ ಬಿಡುವಿನಲ್ಲಿ. ಸಿನಿಮಾದ ಮುಖ್ಯ ಪಾತ್ರಗಳಲ್ಲೊಬ್ಬನಾದ ಮುದುಕ ಗಡ್ಡಪ್ಪ ಕುರಿಗಾಹಿಗಳ ಮುಂದೆ ತನ್ನ ಹಳೆಯ ಕಥೆ ಹೇಳುವ ದೃಶ್ಯ ಮತ್ತೆ ನೋಡಿ. ಅಪ್ಪ ಬಿಟ್ಟುಹೋದ ಜಮೀನಿನ ಬಗ್ಗೆ ಅವನಿಗೇಕೆ ಆಸೆಯಿಲ್ಲ ಅನ್ನೋದು ಆ ತಗ್ಗಿದ ದನಿಯಲ್ಲೇ ಇದೆ. ಮೊದಲ ಸಲ ಅವನನ್ನು ಬರೀ ಅಲೆಮಾರಿ ಮುದುಕ ಅಂದುಕೊಂಡಿದ್ದೆ, ತಪ್ಪು. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ.