ಮನುಕುಲದ ನಾಳೆಯ ಬಗ್ಗೆ ನಂಬಿಕೆ ಉಳಿಸಿಕೊಂಡದ್ದು ಹೇಗೆ? – ಅನುಭವ ಹಂಚಿಕೆ

ಕೇಳಿದವರು: ಬೆಂಗಳೂರಿನ ಗೃಹಿಣಿ

ನನಗೆ ಮೂವತ್ತೊಂದು ವರ್ಷ, ಈಗ ಐದು ತಿಂಗಳ ಬಸುರಿ. 2024ರ ಬೇಸಿಗೆಯಲ್ಲಿ ನಮ್ಮ ವಠಾರದ ಎರಡೂ ಕೊಳವೆಬಾವಿಗಳು ಬತ್ತಿಹೋಗಿ, ಬೆಳಗಿನ ಐದು ಗಂಟೆಗೆ ಟ್ಯಾಂಕರಿನ ದಾರಿ ಕಾಯುತ್ತ ಬಿಂದಿಗೆ ಹಿಡಿದು ನಿಂತಾಗ ಹೊಕ್ಕ ಭಯ ಇನ್ನೂ ನನ್ನನ್ನು ಬಿಟ್ಟಿಲ್ಲ. ರಾತ್ರಿ ಮಲಗುವ ಮುನ್ನ ಯುದ್ಧದ, ಬಿಸಿಗಾಳಿಯ, ಕರಗುತ್ತಿರುವ ಹಿಮದ ಸುದ್ದಿಯನ್ನೇ ಹುಡುಕಿ ಓದುತ್ತೇನೆ; ಓದದೆ ಮಲಗಿದರೆ ಯಾವುದೋ ಕರ್ತವ್ಯಕ್ಕೆ ತಪ್ಪಿದಂತೆ ಅನ್ನಿಸುತ್ತದೆ. ಇಂಥ ಲೋಕಕ್ಕೆ ಒಂದು ಕೂಸನ್ನು ಕರೆತರುತ್ತಿದ್ದೇನಲ್ಲ ಎಂಬ ಅಳುಕು ದಿನೇ ದಿನೇ ಹೆಚ್ಚುತ್ತಿದೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂದು ನಮ್ಮತ್ತೆ ಹೇಳುತ್ತಾರೆ, ಆದರೆ ಆ ಮಾತು ನನಗೆ ಸಾಲುತ್ತಿಲ್ಲ. ಕಣ್ಣು ಮುಚ್ಚಿಕೊಳ್ಳದೆಯೂ ನಂಬಿಕೆ ಉಳಿಸಿಕೊಂಡವರು ಯಾರಾದರೂ ಇದ್ದರೆ, ನಿಮ್ಮ ಬದುಕಿನಲ್ಲಿ ಅದು ಹೇಗೆ ಸಾಧ್ಯವಾಯಿತೆಂದು ದಯವಿಟ್ಟು ತಿಳಿಸಿ. ಸುಳ್ಳು ಸಮಾಧಾನ ಮಾತ್ರ ಬೇಡ.

ನಿವೃತ್ತ ಆರೋಗ್ಯ ಸಹಾಯಕ, ರಾಯಚೂರು ಜಿಲ್ಲೆ

ತಂಗಿ, ನಿಮ್ಮ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. 1984ರಲ್ಲಿ, ನನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನೌಕರಿಗೆ ಸೇರಿದಾಗ ನನ್ನ ಪಾಲಿಗೆ ಬಂದ ಮೊದಲ ಕೆಲಸ ನಾರುಹುಣ್ಣಿನದು. ಆ ಹೆಸರನ್ನೇ ಕೇಳದ ಒಂದು ತಲೆಮಾರು ನಮ್ಮ ನಡುವೆ ಬೆಳೆದು ನಿಂತಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಗ ನಮ್ಮ ಕಡೆಯ ಹಳ್ಳಿಗಳಲ್ಲಿ ಕುಡಿಯುವ ನೀರಿಗೆ ಪಾವಟಿಗೆ ಇಳಿದು ಹೋಗುವ ಬಾವಿಗಳಿದ್ದವು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ನೀರಿನ ಹುಳವೊಂದರ ಹೊಟ್ಟೆಯಲ್ಲಿ ಈ ರೋಗ ತರುವ ನಾರುಹುಳದ ಮರಿ ಇರುತ್ತದೆ. ಆ ನೀರನ್ನು ಕುಡಿದವರ ಮೈಯೊಳಗೆ ಅದು ಸುಮಾರು ಒಂದು ವರ್ಷ ಬೆಳೆದು, ಒಂದು ಮೀಟರಿನವರೆಗೂ ಉದ್ದವಾಗಿ, ಸಾಮಾನ್ಯವಾಗಿ ಪಾದದಲ್ಲೋ ಮೀನಖಂಡದಲ್ಲೋ ಬೊಕ್ಕೆ ಎಬ್ಬಿಸಿ ಹೊರಗೆ ತಲೆಹಾಕುತ್ತದೆ. ಬೆಂಕಿ ಇಟ್ಟಂಥ ಆ ಉರಿ ತಾಳಲಾರದೆ ರೋಗಿ ಕಾಲನ್ನು ನೀರಿನಲ್ಲಿ ಅದ್ದುತ್ತಾನೆ, ಆ ಕ್ಷಣವೇ ಹುಳ ಸಾವಿರಾರು ಮರಿಗಳನ್ನು ಬಾವಿಗೆ ಬಿಡುತ್ತದೆ, ಮುಂದಿನ ವರ್ಷದ ರೋಗಿಗಳು ಅಲ್ಲಿಯೇ ಸಿದ್ಧರಾಗುತ್ತಾರೆ. ಹೊರಬಂದ ತುದಿಯನ್ನು ಬೆಂಕಿಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ ಎಳೆಯಬೇಕು. ಅವಸರ ಮಾಡಿದರೆ ಹುಳ ತುಂಡಾಗಿ ಒಳಗೇ ಉಳಿದು ಕೀವು ತುಂಬುತ್ತದೆ. ಇದು ಬರುವುದು ಬಿತ್ತನೆ ಇಲ್ಲವೇ ಕೊಯ್ಲಿನ ಹೊತ್ತಿಗೆ. ಕುಟುಂಬದ ದುಡಿಯುವ ಆಳು ವಾರಗಟ್ಟಲೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತರೆ ಆ ವರ್ಷದ ಅನ್ನಕ್ಕೆ ಕಲ್ಲು ಬಿದ್ದಂತೆಯೇ.

ಇದಕ್ಕೆ ಲಸಿಕೆ ಇರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ, ಇಂದಿಗೂ ಇಲ್ಲ. ನಮ್ಮ ಕೈಯಲ್ಲಿದ್ದದ್ದು ನೀರು ಸೋಸುವ ಬಟ್ಟೆ, ಬಾವಿಗೆ ಅಳತೆ ಮಾಡಿ ಹಾಕುವ ಟೆಮೆಫಾಸ್ ಎಂಬ ಕೀಟನಾಶಕ, ಪಾವಟಿಗೆ ಮುಚ್ಚಿ ಕಟ್ಟೆ ಕಟ್ಟಿ ರಾಟೆ ಹೂಡುವುದು, ಅನುದಾನ ಬಂದಲ್ಲಿ ಕೈಪಂಪು, ಇವುಗಳ ಜೊತೆಗೆ ಬಾಯಿ. ನನಗಿಂತ ಹತ್ತು ವರ್ಷ ಹಿರಿಯರಾಗಿದ್ದ ಸಹೋದ್ಯೋಗಿಯೊಬ್ಬರು ಮೊದಲ ದಿನವೇ, ಇದು ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು, ನೀನು ಸೈಕಲ್ ತುಳಿದು ಕಾಲು ನೋಯಿಸಿಕೊಳ್ಳಬೇಡ ಎಂದಿದ್ದರು. ಬಾವಿಯ ಬಳಿ ಒಬ್ಬ ಮುದುಕ, ಗಂಗೆಯನ್ನು ಬಟ್ಟೆಯಲ್ಲಿ ಸೋಸುವುದೆಂದರೆ ಅವಳನ್ನು ಅನುಮಾನಿಸಿದಂತೆ ಎಂದು ನನ್ನನ್ನು ಗದರಿದ. ಅವನ ಹೆಂಡತಿ ಮಾತಿಲ್ಲದೆ ಸೆರಗನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಿಡಿದು ನೀರು ಸುರಿದಳು. ಆ ಸೆರಗು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಭಾರತದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ನೆಯ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ನಾರುಹುಣ್ಣುಮುಕ್ತವೆಂದು ಸಾರಿತು. 1986ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ 35 ಲಕ್ಷ ಮಂದಿಗೆ ಇದು ತಗಲುತ್ತಿತ್ತೆಂಬುದು ಅಂದಾಜು. 2023ರಲ್ಲಿ ತಗಲಿದ್ದು 14 ಮಂದಿಗೆ. ಲಕ್ಷ ಎಂದು ಬರೆಯಲು ಮರೆತೆನೆಂದುಕೊಳ್ಳಬೇಡಿ, ಹದಿನಾಲ್ಕೇ ಜನ. ಹಾಗೆಂದು ಕಥೆ ಮುಗಿದಿಲ್ಲ: ಆಫ್ರಿಕಾದ ಚಾಡ್ ದೇಶದಲ್ಲಿ ನಾಯಿಗಳಿಗೂ ಈ ಹುಳ ಅಂಟಿರುವುದು ತಿಳಿದ ಮೇಲೆ ಕೊನೆಯ ಹೆಜ್ಜೆಗಳು ತುಂಬಾ ನಿಧಾನವಾಗಿವೆ. ತಾನು ಕಣ್ಣು ಮುಚ್ಚುವುದರೊಳಗೆ ಕೊನೆಯ ಹುಳ ಸಾಯಬೇಕೆಂದು ಆಸೆಪಟ್ಟಿದ್ದ, ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2024ರ ಡಿಸೆಂಬರಿನಲ್ಲಿ ನೂರು ವರ್ಷ ತುಂಬಿ ತೀರಿಕೊಂಡರು. ಹುಳ ಇನ್ನೂ ಉಳಿದಿದೆ.

ಆಗದು ಎಂದ ನಮ್ಮ ಹಿರಿಯ ಸಹೋದ್ಯೋಗಿ ಕೆಟ್ಟವರೂ ಅಲ್ಲ, ದಡ್ಡರೂ ಅಲ್ಲ. ಆದರೆ ಅವರು ಹೇಳಿದ್ದೂ ಒಂದು ಭವಿಷ್ಯವೇ ಆಗಿತ್ತು, ಅದಕ್ಕೆ ಅವರ ಬಳಿ ಪುರಾವೆ ಇರಲಿಲ್ಲ ಎಂಬುದು ನನಗೆ ಹೊಳೆಯಲು ಹತ್ತು ವರ್ಷ ಹಿಡಿಯಿತು. ಹತಾಶೆಯ ಮಾತಿಗೆ ಯಾರೂ ಲೆಕ್ಕ ಕೇಳುವುದಿಲ್ಲ. ಅದು ತಿಳಿದವರ ಮಾತಿನಂತೆ ಕೇಳಿಸುವುದರಿಂದ ಹಾಗೇ ಒಪ್ಪಿಬಿಡುತ್ತೇವೆ.

ನಿವೃತ್ತ ವಿಜ್ಞಾನ ಶಿಕ್ಷಕ, ಶಿವಮೊಗ್ಗ

ಮೇಲಿನವರ ಮಾತಿಗೆ ನನ್ನದೊಂದು ಚಿಕ್ಕ ಸೇರ್ಪಡೆ. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ, ಸೂರ್ಯನ ಹಾನಿಕರ ಕಿರಣಗಳನ್ನು ತಡೆಯುವ ಓಝೋನ್ ಪದರ ತೆಳುವಾಗುತ್ತಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದ ಮೇಲೆ, ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ಅದನ್ನು ಎಷ್ಟು ರಸವತ್ತಾಗಿ ವರ್ಣಿಸುತ್ತಿದ್ದೆನೆಂದರೆ, ಒಬ್ಬ ಹುಡುಗಿ ನಾವು ದೊಡ್ಡವರಾಗುತ್ತೇವೋ ಇಲ್ಲವೋ ಸಾರ್ ಎಂದು ಅತ್ತಿದ್ದಳು. 1987ರ ಸೆಪ್ಟೆಂಬರ್ 16ರಂದು ಆ ಪದರವನ್ನು ಕೆಡಿಸುವ ಅನಿಲಗಳನ್ನು ಕೈಬಿಡಲು ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತ ಸೇರಿತು, ಕ್ರಮೇಣ ಜಗತ್ತಿನ ಎಲ್ಲ ದೇಶಗಳೂ ಸೇರಿದವು, ಫ್ರಿಜ್ಜಿನ ಅನಿಲಗಳು ಬದಲಾದವು. ಅಂಟಾರ್ಕ್ಟಿಕಾದ ಮೇಲಿನ ಪದರ 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳುವ ನಿರೀಕ್ಷೆಯಿದೆ.

ಒಪ್ಪಂದವಾದ ಸುದ್ದಿಯನ್ನು ಅದೇ ಮಕ್ಕಳಿಗೆ ಅಷ್ಟೇ ರಸವತ್ತಾಗಿ ನಾನು ಹೇಳಿದೆನೇ? ಇಲ್ಲ. ಪಠ್ಯದಲ್ಲಿ ಇರಲಿಲ್ಲ, ನನಗೂ ನೆನಪಾಗಲಿಲ್ಲ. ಹಳೆಯ ಅನಿಲಗಳಲ್ಲಿ ಕೆಲವು ನೂರು ವರ್ಷದಷ್ಟು ಕಾಲ ವಾಯುಮಂಡಲದಲ್ಲಿ ಉಳಿಯುವಂಥವು. ಹೀಗಾಗಿ ಮದ್ದು ಕೊಟ್ಟ ಮೇಲೂ ಗಾಯ ಬಹುಕಾಲ ಹಾಗೆಯೇ ಕಾಣುತ್ತದೆ, ಮಾಯುತ್ತಿರುವುದು ಕಾಣುವ ಹೊತ್ತಿಗೆ ವರದಿಗಾರರು ಬೇರೆ ಊರಿಗೆ ಹೋಗಿರುತ್ತಾರೆ. ನೀವು ರಾತ್ರಿ ಓದುವ ಸುದ್ದಿಯಲ್ಲಿ ಸುಳ್ಳಿರಲಾರದು, ಅಮ್ಮಾ, ಅದು ಅರ್ಧ ಲೆಕ್ಕ ಅಷ್ಟೆ. ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ: ಫ್ರಿಜ್ಜಿನ ಅನಿಲ ತಯಾರಿಸುತ್ತಿದ್ದ ಕಂಪನಿಗಳು ಬೆರಳೆಣಿಕೆಯಷ್ಟು, ಬದಲಿ ಅನಿಲ ಬೇಗ ಸಿಕ್ಕಿತು, ಕಲ್ಲಿದ್ದಲು, ಪೆಟ್ರೋಲುಗಳ ವಿಷಯದಲ್ಲಿ ಆ ಅನುಕೂಲವಿಲ್ಲ. ಓಝೋನ್ ಗೆದ್ದೆವು, ಹಾಗಾಗಿ ಹವಾಮಾನವನ್ನೂ ಗೆಲ್ಲುತ್ತೇವೆ ಎಂದು ಯಾರಾದರೂ ಸಲೀಸಾಗಿ ಹೇಳಿದರೆ ಒಪ್ಪಬೇಡಿ.

ಕೃಷಿಕ ಮಹಿಳೆ, ಪಾವಗಡ ತಾಲ್ಲೂಕು

ಅಕ್ಕಾ, ಮೇಷ್ಟ್ರ ಕೊನೆಯ ಮಾತನ್ನು ಹಿಡಿದು ನಾನು ಸ್ವಲ್ಪ ಒರಟಾಗಿಯೇ ಬರೆಯುತ್ತೇನೆ. ಹೊರಗಿನವರು ಆಶಾವಾದದ ಚಿತ್ರ ಬೇಕಾದಾಗ ನಮ್ಮ ತಾಲ್ಲೂಕಿಗೆ ಬಂದು ಪಟ ತೆಗೆದುಕೊಂಡು ಹೋಗುತ್ತಾರೆ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ಅಲ್ಲಿ ಸರ್ಕಾರ ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಆರಂಭವಾಯಿತು. ಮಳೆ ಕೈಕೊಟ್ಟು ಕಡಲೆಕಾಯಿ ಬೀಜವೂ ಹಿಂದಿರುಗದಿದ್ದ ಹೊಲಕ್ಕೆ ಅದು ಸಣ್ಣ ಮಾತಲ್ಲ. ನಮ್ಮ ಮಾವನವರು ಸಾಲ ತೀರಿಸಿದ್ದು ಆ ಹಣದಿಂದಲೇ.

ಆದರೆ ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದ ಹೆಂಗಸಿಗೆ ಹೊಲವಿರಲಿಲ್ಲ, ಆದ್ದರಿಂದ ಬಾಡಿಗೆಯೂ ಬರಲಿಲ್ಲ, ಕೂಲಿಯೂ ಹೋಯಿತು, ಮೇಕೆ ಮೇಯಿಸುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಅವಳ ಎದುರು ನಿಂತು ಜಗತ್ತು ಒಳ್ಳೆಯದಾಗುತ್ತಿದೆ ಎಂದು ಹೇಳುವ ಮುಖ ನನಗಿಲ್ಲ. ಅಷ್ಟಾಗಿಯೂ ಇದೇ ಫಲಕಗಳಿಂದ ಬರುವ ವಿದ್ಯುತ್ತಿನ ವೆಚ್ಚ 2010ರಿಂದ 2020ರ ನಡುವೆ ಲೋಕದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಇಳಿದಿರುವುದು ನಿಜ, ಹೊಗೆಯಿಲ್ಲದೆ ವಿದ್ಯುತ್ ಬರುತ್ತಿರುವುದೂ ನಿಜ. ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಳ್ಳುವುದನ್ನು ನಾನು ಕಲಿತೆ. ನಮ್ಮ ಮಹಿಳಾ ಸಂಘದಲ್ಲಿ ಹೊಲವಿಲ್ಲದವರ ಪಟ್ಟಿ ಮಾಡಿ, ಫಲಕ ತೊಳೆಯುವ, ಹುಲ್ಲು ಕತ್ತರಿಸುವ ಕೆಲಸ ಮೊದಲು ಅವರಿಗೇ ಸಿಗಬೇಕೆಂದು ಅರ್ಜಿ ಹಿಡಿದು ಅಲೆದೆವು. ಹನ್ನೊಂದು ಮಂದಿಗಾಗಿ ಕೇಳಿದೆವು, ನಾಲ್ವರಿಗೆ ಸಿಕ್ಕಿತು. ಎಲ್ಲ ಸರಿಹೋಗುತ್ತದೆ ಎಂದು ನಂಬಿ ಕೂತಿದ್ದರೆ ಆ ಅರ್ಜಿ ಬರೆಯುವ ಅಗತ್ಯ ನನಗೆ ಕಾಣುತ್ತಿರಲಿಲ್ಲ, ಏನೂ ಆಗುವುದಿಲ್ಲ ಎಂದುಕೊಂಡಿದ್ದರೂ ಬರೆಯುತ್ತಿರಲಿಲ್ಲ.

ಶುಶ್ರೂಷಕಿ, ಕಲಬುರಗಿ

ಮಗುವಿನ ವಿಷಯ ಕೇಳಿದ್ದೀರಿ, ಅದನ್ನಷ್ಟೇ ಹೇಳುತ್ತೇನೆ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2023ರ ಸರ್ಕಾರಿ ಲೆಕ್ಕದಲ್ಲಿ ಆ ಸಂಖ್ಯೆ 25. ನನ್ನ ಅಜ್ಜಿ ಎಂಟು ಹೆತ್ತು ಐದನ್ನು ಮಣ್ಣು ಮಾಡಿದವರು, ಅವರ ಓಣಿಯಲ್ಲಿ ಅದನ್ನು ಯಾರೂ ವಿಶೇಷವೆಂದು ಕಾಣುತ್ತಿರಲಿಲ್ಲ.

ಅದೇ 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂದು ಸೇರಿದ ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ತಾಯಂದಿರಿಗೂ ನೆಂಟರಿಗೂ ಒಪ್ಪಿಸಿದರು. ನೂರಕ್ಕೆ ಮೂವತ್ತರ ಸುಮಾರಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಈಗ ನಾನು ಹಳ್ಳಿಯ ತಾಯಂದಿರಿಗೆ, ಭೇದಿಯಾದ ಕೂಸಿಗೆ ಕುಡಿಸಲು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಎಂದು ತೋರಿಸುವಾಗ, ಚಮಚದ ಮೇಲಿನ ಗೋಪುರವನ್ನು ಬೆರಳಿನಿಂದ ಸವರಿ ಮಟ್ಟ ಮಾಡಲು ಹೇಳುತ್ತೇನೆ, ಏಕೆಂದರೆ ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ನನ್ನ ಆಶಾವಾದವೆಂದರೆ ಆ ಸವರಿದ ಚಮಚವೇ. ರಾತ್ರಿ ಪಾಳಿಯಲ್ಲಿ ಕೂಸೊಂದು ಕೈಬಿಟ್ಟು ಹೋದಾಗ ಅಳುತ್ತೇನೆ, ಮುಂದಿನ ಹಾಸಿಗೆಗೆ ಹೋಗುತ್ತೇನೆ.

ಸುದ್ದಿ ಓದುವುದನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿಕೊಳ್ಳಿ. ಬಸುರಿಗೆ ನಿದ್ದೆ ಬೇಕು, ಇದರಲ್ಲಿ ವೇದಾಂತವೇನೂ ಇಲ್ಲ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಭಯ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನನ್ನ ಭಯವನ್ನೇ ನಾನು ತಿಳಿವಳಿಕೆಯೆಂದು ಭಾವಿಸಿದ್ದೆನೆಂಬುದು ಹಿರಿಯರ ಬರಹ ಓದಿದ ಮೇಲೆ ಗೊತ್ತಾಯಿತು. ನಮ್ಮ ವಠಾರದ ಚಾವಣಿಯ ಮಳೆನೀರು ಇಷ್ಟು ವರ್ಷವೂ ನೇರವಾಗಿ ಚರಂಡಿಗೆ ಹೋಗುತ್ತಿದೆ. ಅದನ್ನು ಇಂಗುಗುಂಡಿಗೆ ತಿರುಗಿಸಲು ಎಷ್ಟು ಖರ್ಚಾಗಬಹುದೆಂದು ನಿನ್ನೆ ಒಬ್ಬ ಗುತ್ತಿಗೆದಾರರನ್ನು ಕರೆಸಿ ಕೇಳಿದೆ. ಸಂಘದ ಅಧ್ಯಕ್ಷರು ಇನ್ನೂ ಒಪ್ಪಿಲ್ಲ.

ರಾಯಚೂರಿನ ಅಣ್ಣನವರಲ್ಲಿ ಒಂದು ಪ್ರಶ್ನೆ: ಆ ಸೆರಗಿನ ಅಜ್ಜಿಯ ಊರಿನಲ್ಲಿ ನಾರುಹುಣ್ಣು ನಿಲ್ಲಲು ಎಷ್ಟು ವರ್ಷ ಹಿಡಿಯಿತು?

ನಿವೃತ್ತ ಆರೋಗ್ಯ ಸಹಾಯಕ, ರಾಯಚೂರು ಜಿಲ್ಲೆ

ಮೊದಲ ವರ್ಷ ಹದಿನೇಳು ಜನರಿಗಿತ್ತು, ಎರಡನೆಯ ವರ್ಷ ಆರು. ಮೂರನೆಯ ವರ್ಷ ಯಾರಿಗೂ ಇಲ್ಲವೆಂದು ವರದಿ ಬರೆದು ಮುಗಿಸುವಷ್ಟರಲ್ಲಿ ಒಬ್ಬ ಹುಡುಗನ ಹಿಮ್ಮಡಿಯಲ್ಲಿ ಬೊಕ್ಕೆ ಕಂಡಿತು. ಅವನು ಸೋದರಮಾವನ ಊರಿನಲ್ಲಿ ನೀರು ಕುಡಿದು ಬಂದಿದ್ದ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮಾರನೆಯ ದಿನ ಅವನ ಕಾಲಿಗೆ ಪಟ್ಟಿ ಕಟ್ಟಿ, ಬಾವಿಗೆ ಇಳಿಯದಂತೆ ಕಾಯಲು ಅವನ ಅಜ್ಜನನ್ನೇ ಕೂರಿಸಿದೆ. ಆ ಅಜ್ಜ, ಗಂಗೆಯನ್ನು ಅನುಮಾನಿಸುತ್ತೀಯಾ ಎಂದು ನನ್ನನ್ನು ಗದರಿದವನೇ. ನಾಲ್ಕನೆಯ ವರ್ಷ ಯಾರಿಗೂ ಬರಲಿಲ್ಲ. ಐದನೆಯ ವರ್ಷವೂ ಮನೆಮನೆಗೆ ಹೋಗಿ ಕಾಲು ನೋಡಿ ಬಂದೆ.