ಬಳಸಿದ ವೀಲ್‌ಚೇರ್, ಮಂಚಗಳ ಮರುಬಳಕೆ ಕೇಂದ್ರ: ರಿಪೇರಿ ಖರ್ಚಿಗೆ ದಾನಿಗಳನ್ನು ಒಪ್ಪಿಸುವುದು ಹೇಗೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಮ್ಮ ನೋಂದಾಯಿತ ಟ್ರಸ್ಟ್ ಉಪಕರಣ ಎರವಲು ಕೇಂದ್ರ ನಡೆಸುತ್ತಿದೆ. ಮನೆಗಳಲ್ಲಿ ಮೂಲೆ ಸೇರಿದ ವೀಲ್‌ಚೇರ್, ವಾಕರ್, ಕಮೋಡ್ ಕುರ್ಚಿ, ಫೌಲರ್ ಮಂಚ (ತಲೆ, ಕಾಲಿನ ಭಾಗ ಎತ್ತಬಹುದಾದ ಆಸ್ಪತ್ರೆ ಮಂಚ), ಏರ್‌ಬೆಡ್ ದಾನವಾಗಿ ಬರುತ್ತವೆ. ತೊಳೆದು, ರಿಪೇರಿ ಮಾಡಿ, ಬೇಕಾದವರಿಗೆ ಎರವಲು ಕೊಡುತ್ತೇವೆ. ಸಾಮಾನಿಗೆ ಬರವಿಲ್ಲ, ದುಡ್ಡಿಗೇ ಬರ. ಕಂಪನಿಗಳನ್ನು ಕೇಳಿದರೆ "ಐವತ್ತು ಹೊಸ ವೀಲ್‌ಚೇರ್ ಕೊಡಿಸುತ್ತೇವೆ, ಒಂದು ಕಾರ್ಯಕ್ರಮ ಇಟ್ಟುಕೊಳ್ಳಿ" ಎನ್ನುತ್ತಾರೆ. ಮೆಕ್ಯಾನಿಕ್ ಸಂಬಳ, ಟೈರು, ಸಾಗಾಟ, ಗೋದಾಮಿನ ಬಾಡಿಗೆ ಎಂದ ಕೂಡಲೇ ಮಾತು ನಿಲ್ಲುತ್ತದೆ. ಆದಾಯ ತೆರಿಗೆಯ 12ಎ (ಟ್ರಸ್ಟಿಗೆ ವಿನಾಯಿತಿ), 80ಜಿ (ದಾನಿಗೆ ರಿಯಾಯಿತಿ) ನೋಂದಣಿ ಎರಡೂ ಇವೆ. ಯಾರನ್ನು, ಯಾವಾಗ, ಯಾವ ಲೆಕ್ಕ ಹಿಡಿದು ಕೇಳಬೇಕು?

ಲೆಕ್ಕಪತ್ರ:
ತುಂಗಾತೀರ ಅವರೇ, ಮೊದಲು ಕೇಳುವ ಘಟಕವನ್ನೇ ಬದಲಿಸಿ. "ರಿಪೇರಿಗೆ ವರ್ಷಕ್ಕೆ ಇಷ್ಟು ಲಕ್ಷ" ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ಒಂದು ಉಪಕರಣ ಮನೆಯಿಂದ ವಾಪಸು ಬಂದು, ತೊಳೆದು, ಸರಿಯಾಗಿ, ಮುಂದಿನ ಮನೆ ಸೇರುವುದನ್ನು ಒಂದು ಸುತ್ತು ಎಂದಿಟ್ಟುಕೊಂಡು ಸುತ್ತಿನ ಖರ್ಚು ತೋರಿಸಿ. ಕೈಲೆಕ್ಕಕ್ಕೆ ಒಂದು ವೀಲ್‌ಚೇರ್ ತೆಗೆದುಕೊಳ್ಳೋಣ: ಲಗೇಜ್ ಆಟೊ 700, ತೊಳೆಯುವ ಸಾಮಗ್ರಿ ಮತ್ತು ಕೂಲಿ 200, ಮೆಕ್ಯಾನಿಕ್ ಎರಡು ಗಂಟೆ 300, ಬಿಡಿಭಾಗ ಸರಾಸರಿ 500, ಗೋದಾಮು-ಫೋನ್-ದಾಖಲೆಯ ಪಾಲು 300. ಒಟ್ಟು 2,000 ರೂಪಾಯಿ. ಹೊಸ ಕುರ್ಚಿ 7,500 ಎಂದುಕೊಂಡರೆ, ಒಂದೇ ಕುರ್ಚಿ ಐದು ಮನೆ ಸುತ್ತಲು 7,500 ಜೊತೆಗೆ ನಾಲ್ಕು ಸುತ್ತಿನ 8,000, ಅಂದರೆ 15,500. ಐದು ಹೊಸ ಕುರ್ಚಿಗೆ 37,500. ಇಲ್ಲಿರುವುದೆಲ್ಲ ಉದಾಹರಣೆಯ ಅಂಕಿಗಳು, ನಿಮ್ಮ ರಿಜಿಸ್ಟರಿನ ಅಂಕಿ ಹಾಕಿ. ವಾಕರನ್ನು ಮಾತ್ರ ಈ ಸರಾಸರಿಗೆ ಸೇರಿಸಬೇಡಿ. ಹೊಸ ವಾಕರಿಗೇ ಸಾವಿರದ ಆಸುಪಾಸು. ಅದಕ್ಕೆ ಲಗೇಜ್ ಆಟೊ ಕಳಿಸಿದರೆ ಇಡೀ ವಾದ ತಲೆಕೆಳಗಾಗುತ್ತದೆ.

ಇನ್ನು ಸಿಎಸ್‌ಆರ್, ಅಂದರೆ ಕಂಪನಿಗಳು ಕಾನೂನಿನಂತೆ ಸಮಾಜಕಾರ್ಯಕ್ಕೆ ಖರ್ಚು ಮಾಡುವ ಹಣ. ಕಂಪನಿ ಕಾಯ್ದೆ 2013ರ ಸೆಕ್ಷನ್ 135ರ ಹಣ ಪಡೆಯಲು 12ಎ, 80ಜಿ ಇದ್ದರೆ ಸಾಕಾಗುವುದಿಲ್ಲ. ಸಿಎಸ್‌ಆರ್-1 ಅರ್ಜಿ ಹಾಕಿ ನೋಂದಣಿ ಸಂಖ್ಯೆ ತೆಗೆದುಕೊಳ್ಳಿ, ವೃತ್ತಿನಿರತ ಸಿಎ ಅಥವಾ ಸಿಎಸ್ (ಕಂಪನಿ ಕಾರ್ಯದರ್ಶಿ) ಸಹಿ ಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಸಂಬಳದ ಮಾತು ಬಂದಾಗ "ಆಡಳಿತ ವೆಚ್ಚಕ್ಕೆ ಶೇ. 5ರ ಮಿತಿ ಇದೆ" ಎನ್ನುತ್ತಾರೆ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆಯ ಅನುಷ್ಠಾನಕ್ಕೆ ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಬಜೆಟ್‌ನಲ್ಲಿ "ಸಿಬ್ಬಂದಿ ವೆಚ್ಚ" ಎಂದು ಬರೆಯುವ ಬದಲು "ಉಪಕರಣ ದುರಸ್ತಿ ಮತ್ತು ಸುರಕ್ಷತಾ ತಪಾಸಣೆ, ಇಷ್ಟು ಸುತ್ತು" ಎಂದು ಬರೆಯಿರಿ. ಕೆಲಸ ಅದೇ, ತಲೆಬರಹ ಸರಿಯಾಗಿದೆ.

ಎಲ್ಲರೂ ಎಡವುವ ಜಾಗ ಒಡಂಬಡಿಕೆ ಪತ್ರ. ಅದರಲ್ಲಿ "40 ಫಲಾನುಭವಿಗಳಿಗೆ ವಿತರಣೆ" ಎಂದಿದ್ದರೆ ಕುರ್ಚಿ ಆ ಮನೆಯದೇ ಆಯಿತು, ವಾಪಸು ಕೇಳಲು ನಿಮಗೆ ಹಕ್ಕಿಲ್ಲ. ಅದೇ ಕ್ರಮಸಂಖ್ಯೆಯ ಕುರ್ಚಿಗೆ ಎರಡನೇ ಸಹಿ ಕಂಡರೆ ಆಡಿಟರ್ ಅದನ್ನು ಸುಳ್ಳು ದಾಖಲೆ ಎಂದೇ ನೋಡುತ್ತಾರೆ. "ವಿತರಣೆ" ತೆಗೆದು "ಎರವಲು" ಹಾಕಿಸಿ. ಸ್ವತ್ತು ಟ್ರಸ್ಟಿನದು, ಅಳೆಯುವುದು ಬಳಕೆಯ ಸುತ್ತುಗಳನ್ನು ಎಂದು ಸ್ಪಷ್ಟವಾಗಿ ಬರೆಸಿ. ಸಿಎಸ್‌ಆರ್ ಹಣದಲ್ಲಿ ಕೊಂಡ ಸ್ವತ್ತು ಕಂಪನಿಯ ಹೆಸರಲ್ಲಿ ಇರುವಂತಿಲ್ಲ, ನೋಂದಾಯಿತ ಟ್ರಸ್ಟಿನ ಹೆಸರಲ್ಲಿ ಇರಬಹುದು. ನಿಯಮವೇ ನಿಮ್ಮ ಪರ.

ಕೇಳಬಾರದ್ದು ಎರಡು. ಮೂಲನಿಧಿಗೆ (ಖರ್ಚು ಮಾಡದೆ ಕೂಡಿಡುವ ಕಾರ್ಪಸ್‌ಗೆ) ಸಿಎಸ್‌ಆರ್ ಹಣ ಈಗ ಸಲ್ಲುವುದಿಲ್ಲ. ಹಾಗೆಯೇ ಕಂಪನಿ ತನ್ನ ಹಳೆಯ ಉಪಕರಣ ಕೊಟ್ಟು ಅದಕ್ಕೆ ಬೆಲೆ ಕಟ್ಟಿ ಸಿಎಸ್‌ಆರ್ ಎಂದು ತೋರಿಸುವಂತಿಲ್ಲ. ಸಾಮಾನು ಕೊಟ್ಟವರು 80ಜಿ ರಸೀದಿ ಕೇಳಿದರೂ ಕೊಡಬೇಡಿ, ಅದು ಹಣಕ್ಕೆ ಮಾತ್ರ. ನಗದಾದರೆ 2,000 ರೂಪಾಯಿ ಮೀರಿದ್ದಕ್ಕೆ ರಿಯಾಯಿತಿ ಸಿಗದು.

ಕಡಲಕರೆ:
ಸಿಎಸ್‌ಆರ್ ಒಂದನ್ನೇ ನೆಚ್ಚಬೇಡಿ, ಕಂಪನಿಯ ಮ್ಯಾನೇಜರ್ ಬದಲಾದರೆ ಯೋಜನೆಯೂ ಬದಲಾಗುತ್ತದೆ. ಪಕ್ಕದ ಕೇರಳದಲ್ಲಿ ಪ್ಯಾಲಿಯೇಟಿವ್ ಕ್ಲಿನಿಕ್‌ಗಳು (ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ ಕೇಂದ್ರಗಳು) ಮಂಚ, ಏರ್‌ಬೆಡ್, ವೀಲ್‌ಚೇರ್ ಎರವಲು ಕೊಡುವುದು ಹೊಸದಲ್ಲ. ಮಲಪ್ಪುರಂ ಕಡೆ ಬೆಳೆದ ಆ ಜಾಲ ನಿಂತದ್ದೇ ಊರಿನವರ ಸಣ್ಣ ಸಣ್ಣ ವಂತಿಗೆಯ ಮೇಲೆ. ನಮ್ಮಲ್ಲೂ ಬಾಡಿಗೆ, ಕರೆಂಟ್ ಬಿಲ್ಲಿನಂಥ ಫೋಟೊಗೆ ಬಾರದ ಖರ್ಚಿಗೆ ದುಡ್ಡು ಹುಟ್ಟುವುದು ಇಂಥ ವಂತಿಗೆಯಿಂದಲೇ.

ಊರಿನ ಸಹಕಾರ ಸಂಘಗಳನ್ನು ಹಿಡಿಯಿರಿ. ಸೆಕ್ಷನ್ 135 ಅವಕ್ಕೆ ಅನ್ವಯಿಸುವುದಿಲ್ಲ, ಆದರೆ ಲಾಭ ವಿಂಗಡಣೆಯಲ್ಲಿ ಸಮಾಜಕಾರ್ಯಕ್ಕೆಂದು ತೆಗೆದಿಡುವ ಸಂಘಗಳು ಬೇಕಾದಷ್ಟಿವೆ. ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ, ನಿಮ್ಮ ಪತ್ರ ಜೂನ್-ಜುಲೈಯಲ್ಲೇ ಆಡಳಿತ ಮಂಡಳಿಯ ಮೇಜಿನ ಮೇಲಿರಲಿ. ಎರವಲು ಪಡೆದವರಲ್ಲಿ ಸಂಘದ ಸದಸ್ಯರ ಮನೆಗಳೆಷ್ಟು ಎಂಬ ಒಂದು ಸಾಲು ಸೇರಿಸಿ. ಅಷ್ಟು ಸಾಕು, ಭಾಷಣ ಬೇಡ.

"ಸರ್ಕಾರವೇ ಪುಕ್ಕಟೆ ಕೊಡುತ್ತದಲ್ಲ?" ಎಂದು ಎಲ್ಲರೂ ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ಅಂಗವಿಕಲರಿಗೆ ಉಪಕರಣ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಉಪಕರಣ ಬೇಕಾದರೆ ಶೇ. 40 ಅಂಗವೈಕಲ್ಯದ ಪ್ರಮಾಣಪತ್ರ ಬೇಕು, ಆದಾಯ ಮಿತಿ ಇದೆ, ಶಿಬಿರಕ್ಕೆ ಕಾಯಬೇಕು. ತೊಡೆಮೂಳೆ ಮುರಿದು ಮೂರು ತಿಂಗಳು ಮಲಗಿದವರು, ಆಪರೇಷನ್ ಆಗಿ ಮನೆಗೆ ಬಂದವರು ಅದಕ್ಕೆ ಅರ್ಹರೇ ಅಲ್ಲ. ನಿಮ್ಮ ಜಾಗ ಅದು. ಸರ್ಕಾರಿ ಯೋಜನೆಯ ಮುದ್ರೆಯಿರುವ ಉಪಕರಣ ದಾನಕ್ಕೆ ಬಂದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಗೆ ತಿಳಿಸಿ, ಬರಹದಲ್ಲಿ ಒಪ್ಪಿಗೆ ಪಡೆದೇ ಒಳಗೆ ತೆಗೆದುಕೊಳ್ಳಿ. ಪಂಚಾಯಿತಿಯ ವಿಆರ್‌ಡಬ್ಲ್ಯುಗಳ (ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ) ಜೊತೆ ಸ್ನೇಹವಿದ್ದರೆ ಯಾವ ಮನೆಯಲ್ಲಿ ಏನು ಖಾಲಿ ಬಿದ್ದಿದೆ ಎಂಬುದೂ ಗೊತ್ತಾಗುತ್ತದೆ.

ಡಿಪಾಸಿಟ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಬೇರೆ ಖಾತೆಯಲ್ಲಿಡಿ. ಅದು ಆದಾಯವಲ್ಲ, ಹಿಂದಿರುಗಿಸಬೇಕಾದ ಬಾಕಿ. ಕೈಕಟ್ಟಿದಾಗ ಅದನ್ನೇ ಟೈರಿಗೆ ಹಾಕಿದ ಕೇಂದ್ರಗಳು ಒಂದೇ ವಾರ ನಾಲ್ಕು ಮಂಚ ವಾಪಸು ಬಂದಾಗ ಸಿಕ್ಕಿಬೀಳುತ್ತವೆ.

ಸ್ಪ್ಯಾನರ್_13:
ಮೇಲಿನವರು ಕಾಗದದ ಮಾತು ಹೇಳಿದರು. ದಾನಿ ಎರಡನೇ ವರ್ಷ ಬಾರದಿರುವುದಕ್ಕೆ ಕಾರಣ ಬಹಳ ಸಲ ವರ್ಕ್‌ಶಾಪಿನಲ್ಲೇ ಇರುತ್ತದೆ: ಬಂದದ್ದನ್ನೆಲ್ಲ ಒಳಗೆ ತುಂಬಿಕೊಂಡು ಗೋದಾಮು ಗುಜರಿಯಾಗಿರುತ್ತದೆ. ಬಾಗಿಲಲ್ಲೇ ಬೇಡ ಎನ್ನುವ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ಅದನ್ನೇ ಪ್ರಸ್ತಾವಕ್ಕೂ ಲಗತ್ತಿಸಿ.

ವೀಲ್‌ಚೇರ್‌ನಲ್ಲಿ ಸೀಟಿನ ಕೆಳಗಿನ ಕತ್ತರಿ ಆಕಾರದ ಅಡ್ಡಪಟ್ಟಿ ನೋಡಿ. ಬೋಲ್ಟ್ ತೂತಿನ ಸುತ್ತ ಬಿರುಕು ಅಥವಾ ಹಳೆಯ ವೆಲ್ಡಿಂಗ್ ಇದ್ದರೆ ಬಿಡಿಭಾಗ ಕಳಚಿಕೊಂಡು ಫ್ರೇಮ್ ಗುಜರಿಗೆ. ಮುಂದಿನ ಪುಟ್ಟ ಚಕ್ರ ತೊನೆದಾಡಿದರೆ ಮೊದಲು ಅಚ್ಚಿಗೆ ಸುತ್ತಿದ ಕೂದಲು, ದಾರ ತೆಗೆಯಿರಿ, ಆಮೇಲೆ ಬೇರಿಂಗ್. ಬ್ರೇಕ್ ಹಿಡಿಯದಿದ್ದರೆ ಹೆಚ್ಚಾಗಿ ಟೈರ್ ಸವೆದು ಅಂತರ ಬಂದಿರುತ್ತದೆ. ಬ್ರೇಕ್ ಬದಲಿಸುವ ಮೊದಲು ಕ್ಲಾಂಪ್ ಸಡಿಲಿಸಿ ಹಿಂದಕ್ಕೆ ಸರಿಸಿ. ಸೀಟಿನ ಬಟ್ಟೆ ಜೋತುಬಿದ್ದಿದ್ದರೆ ಕೊಡಲೇಬೇಡಿ, ಕೂತವರಿಗೆ ಹುಣ್ಣಾಗುತ್ತದೆ.

ತೊಳೆಯಲು ಮೊದಲು ಸೋಪು ನೀರು, ನಂತರ ಶೇ. 0.1 ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ). ಶೇ. 5ರ ದ್ರಾವಣವಾದರೆ 20 ಮಿ.ಲೀ.ಗೆ 980 ಮಿ.ಲೀ. ನೀರು. ಹತ್ತು ನಿಮಿಷ ಬಿಟ್ಟು ಬರೀ ನೀರಿನಿಂದ ಒರೆಸಿ, ಇಲ್ಲದಿದ್ದರೆ ಕ್ರೋಮ್ ಮೇಲೆ ತುಕ್ಕು ಏಳುತ್ತದೆ. ಏರ್‌ಬೆಡ್ ಅನ್ನು ಪಂಪಿಗೆ ಹಾಕಿ ಒಂದು ರಾತ್ರಿ ಬಿಡಿ, ಮೇಲೆ ತೂಕ ಇಟ್ಟು. ಖಾಲಿ ಹಾಸಿಗೆ ಉಬ್ಬಿತು ಎಂದು ಕಳಿಸಿದ್ದು ಮನುಷ್ಯ ಮಲಗಿದಾಗ ಇಳಿಯುತ್ತದೆ. ಕಾರಣ ಹಾಸಿಗೆಯ ತೂತಷ್ಟೇ ಅಲ್ಲ, ಪಂಪಿನೊಳಗಿನ ರಬ್ಬರ್ ಪೊರೆ ಹರಿದಿರಬಹುದು.

ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಬೇರೆಯೇ ಪ್ರಪಂಚ. 2021ರ ಕೋವಿಡ್ ಅಲೆಯಲ್ಲಿ ಬಂದವು ಎಷ್ಟೋ ಕಡೆ ಸುಮ್ಮನೆ ಕೂತಿವೆ. ಓಡಿಸದೆ ಇಟ್ಟರೆ ಒಳಗಿನ ಜಿಯೋಲೈಟ್ (ನೈಟ್ರೋಜನ್ ಹಿಡಿದಿಡುವ ಹರಳು) ತೇವ ಹೀರಿಕೊಳ್ಳುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳಬೇಡಿ. ಶುದ್ಧತೆ ಅಳೆಯುವ ಮೀಟರ್ ಇಲ್ಲದೆ ಅದನ್ನು ಯಾರಿಗೂ ಕೊಡಬೇಡಿ, ಶೇ. 82ಕ್ಕಿಂತ ಕೆಳಗಿಳಿದದ್ದನ್ನು ಎತ್ತಿಡಿ. ಸಿಎಸ್‌ಆರ್‌ನವರು "ಏನಾದರೂ ಕೊಳ್ಳಲೇಬೇಕು" ಎಂದು ಹಟ ಹಿಡಿದರೆ ಈ ಮೀಟರ್, ಪ್ರೆಷರ್ ವಾಷರ್, ಒಂದು ವರ್ಷಕ್ಕಾಗುವ ಟೈರು-ಬೇರಿಂಗ್-ಸೀಟ್ ಬಟ್ಟೆಯ ದಾಸ್ತಾನು ಕೇಳಿ. ವಸ್ತುವೂ ಹೌದು, ಫೋಟೊವೂ ಬರುತ್ತದೆ.

ಮೂಗಿಗೆ ಹಾಕುವ ಕ್ಯಾನುಲಾ ನಳಿಕೆ, ನೆಬ್ಯುಲೈಸರ್ ಮಾಸ್ಕ್, ಸಕ್ಷನ್ ಟ್ಯೂಬ್ ಮರುಬಳಕೆಗೆ ಇಲ್ಲ. ಅಳತೆಗೆ ಮಾಡಿದ ಕೃತಕ ಕಾಲು ಕೂಡ ಇನ್ನೊಬ್ಬರಿಗೆ ಹಾಗೇ ಹೊಂದದು.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ. ಅಮೆರಿಕದಲ್ಲಿರುವ ಊರಿನವರು ಹಣ ಕಳಿಸಲು ತಯಾರಿದ್ದಾರೆ, ಜೊತೆಗೆ ಅಲ್ಲಿನ ಹಳೆಯ ಪವರ್ ವೀಲ್‌ಚೇರ್‌ಗಳನ್ನೂ ಕಂಟೇನರ್‌ನಲ್ಲಿ ಕಳಿಸುತ್ತಾರಂತೆ. ಒಪ್ಪಿಕೊಳ್ಳಬಹುದೇ?

ಲೆಕ್ಕಪತ್ರ:
ಕಳಿಸುವವರ ಪಾಸ್‌ಪೋರ್ಟ್ ಯಾವುದು ಎಂಬುದು ಮೊದಲ ಪ್ರಶ್ನೆ. ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಪಡೆದು ಫೈಲಿನಲ್ಲಿಡಿ. ಒಸಿಐ ಕಾರ್ಡ್‌ನವರ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರ) ಹಣ, ಅಲ್ಲಿ ನೋಂದಾಯಿತ ಕನ್ನಡ ಸಂಘದ ಹಣ ಎರಡೂ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟಬೇಡಿ. ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆಗೆ ಮೂರು ವರ್ಷವಾಗಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಉದ್ದೇಶಿತ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು, ಹಣ ಬರುವುದು ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಸಂಸ್ಥೆಗೆ ಸಾಮಾನು ರೂಪದಲ್ಲಿ ಬಂದರೂ ಇದೇ ಕಾನೂನು.

ರೋಟರಿ ಜಾಗತಿಕ ಅನುದಾನದ ಮಾತೂ ಬರಬಹುದು. ಅದಕ್ಕೆ ಇಲ್ಲಿಯ ಕ್ಲಬ್ ಒಂದು, ಹೊರದೇಶದ ಕ್ಲಬ್ ಒಂದು ಬೇಕು, ಯೋಜನೆ ಕನಿಷ್ಠ 30,000 ಡಾಲರ್‌ನದ್ದಾಗಿರಬೇಕು. ಒಂದು ತಾಲ್ಲೂಕಿಗೆ ಅದು ದೊಡ್ಡದಾಯಿತು; ನಾಲ್ಕೈದು ತಾಲ್ಲೂಕು ಸೇರಿ ಒಂದೇ ವರ್ಕ್‌ಶಾಪ್ ಮಾಡಿಕೊಂಡರೆ ಯೋಚಿಸಬಹುದು.

ಸ್ಪ್ಯಾನರ್_13:
ಕಂಟೇನರ್ ಬೇಡವೇ ಬೇಡ. ಸಮುದ್ರ ದಾಟಿ ಬರುವಷ್ಟರಲ್ಲಿ ಹಳೆಯ ಬ್ಯಾಟರಿಗಳು ಸತ್ತಿರುತ್ತವೆ, ಚಾರ್ಜರ್ 110 ವೋಲ್ಟ್‌ನದ್ದಾಗಿರಬಹುದು, ಜಾಯ್‌ಸ್ಟಿಕ್ ಕೆಟ್ಟರೆ ಬಿಡಿಭಾಗ ಇಲ್ಲಿ ಸಿಗದು. ನೂರು ಕೆ.ಜಿ. ದಾಟುವ ಕುರ್ಚಿಯನ್ನು ಹೆಂಚಿನ ಮನೆಯ ಹೊಸ್ತಿಲು ಹತ್ತಿಸುವವರಾರು? ಅಮೆರಿಕದ ಪ್ರತಿ ರಾಜ್ಯದಲ್ಲೂ ಸಹಾಯಕ ತಂತ್ರಜ್ಞಾನ ಕಾಯ್ದೆಯಡಿ ಕೇಂದ್ರ ಸರ್ಕಾರದ ಹಣ ಪಡೆಯುವ ಯೋಜನೆ ಇದೆ, ಉಪಕರಣ ಮರುಬಳಕೆಯೂ ಅದರ ಕೆಲಸಗಳಲ್ಲೊಂದು. ಕುರ್ಚಿಗಳನ್ನು ಅಲ್ಲೇ ಕೊಡಲಿ. ಕಂಟೇನರ್ ಬಾಡಿಗೆಗೆಂದು ಇಟ್ಟ ದುಡ್ಡಿನಲ್ಲಿ, ಭಾರತದ ಪಾಸ್‌ಪೋರ್ಟ್ ಇರುವವರ ಪಾಲನ್ನಷ್ಟೇ ನಿಮ್ಮ ಖಾತೆಗೆ ಹಾಕಿಸಿಕೊಂಡು ಟೈರು, ಬೇರಿಂಗ್ ಕೊಳ್ಳಿ.