ಸಹಾಯ ಬೇಕು: ಸಂಬಳ 35,000 ಏರಿದರೆ ತೆರಿಗೆ 31,200 ಬರುತ್ತಾ?

ಎಲ್ಲರಿಗೂ ನಮಸ್ಕಾರ. ತಂಗಿಯ ವಾರ್ಷಿಕ ಸಂಬಳ 12.70 ಲಕ್ಷ ಇತ್ತು, ಈಗ 13.05 ಲಕ್ಷ ಆಗ್ತಿದೆ. ಆಫೀಸಿನಲ್ಲಿ ಯಾರೋ "12 ಲಕ್ಷ ದಾಟಿದ್ರೆ ಪೂರ್ತಿ ಸಂಬಳಕ್ಕೇ 15% ಬೀಳುತ್ತೆ" ಅಂದುಬಿಟ್ಟಿದ್ದಾರೆ. ಪಾಪ, ಇನ್ಕ್ರಿಮೆಂಟೇ ಬೇಡ ಅನ್ನೋ ಮಟ್ಟಕ್ಕೆ ಹೆದರಿದ್ದಾಳೆ.

ನಿನ್ನೆ ರಾತ್ರಿ ಇಬ್ಬರೂ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಹಾಕಿದ್ವಿ. 2025-26ರ ಹೊಸ ಆದಾಯ ತೆರಿಗೆ ಪದ್ಧತಿ. ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗೋ ನಿಗದಿತ ಕಡಿತ) 75,000 ಕಳೆದರೆ ಉಳಿಯೋದು 12.30 ಲಕ್ಷ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ, 4ರಿಂದ 8ಕ್ಕೆ 5% ಅಂದ್ರೆ 20,000, 8ರಿಂದ 12ಕ್ಕೆ 10% ಅಂದ್ರೆ 40,000, ಮೇಲಿನ 30,000ಕ್ಕೆ ಮಾತ್ರ 15%, ಅಂದ್ರೆ 4,500. ಒಟ್ಟು 64,500. ಆಯಾ ಮೆಟ್ಟಿಲಿನ ಹಣಕ್ಕೆ ಆಯಾ ದರ, ಇಲ್ಲಿವರೆಗೆ ಸರಿಯಾಗಿದೆ ಅನ್ಸುತ್ತೆ.

ತೊಡಕು ಮುಂದಿದೆ. 12 ಲಕ್ಷದೊಳಗಿದ್ದಾಗ 87ಎ ರಿಬೇಟಿನಿಂದ (ಆ ಸೆಕ್ಷನ್ ಕೊಡೋ ತೆರಿಗೆ ಮನ್ನಾ) ತೆರಿಗೆ ಸೊನ್ನೆ ಆಗ್ತಿತ್ತು. ಈಗ ಮಾರ್ಜಿನಲ್ ರಿಲೀಫ್ (12 ಲಕ್ಷದ ಮೇಲೆ ಬಂದ ಹಣಕ್ಕಿಂತ ತೆರಿಗೆ ಹೆಚ್ಚಾಗಬಾರದು ಅನ್ನೋ ರಿಯಾಯಿತಿ) ಪ್ರಕಾರ 64,500ರ ಬದಲು 12 ಲಕ್ಷದ ಮೇಲಿನ 30,000 ಅಷ್ಟೇ ತೆರಿಗೆ, ಅದರ ಮೇಲೆ 4% ಸೆಸ್ ಸೇರಿ 31,200. ಏರಿದ್ದು 35,000, ಕೈಗೆ ಉಳಿಯೋದು 3,800! ವರ್ಷವಿಡೀ ದುಡಿದವಳಿಗೆ ಇದನ್ನ ಹೇಳೋಕೆ ಮನಸ್ಸೇ ಬರಲಿಲ್ಲ.

ಈ ಲೆಕ್ಕದಲ್ಲಿ ತಪ್ಪಿದೆಯಾ? ಕಂಪನಿ ಕಡೆಯಿಂದ ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಹಣ ಹಾಕಿಸಿದರೆ (ಬೇಸಿಕ್ ಅಂದ್ರೆ ಮೂಲ ವೇತನದ 14%ವರೆಗೆ ಕಡಿತ ಇದೆಯಲ್ಲ) ತೆರಿಗೆ ಬೀಳೋ ಆದಾಯವನ್ನ 12 ಲಕ್ಷದೊಳಗೆ ಇಳಿಸಬಹುದಾ? ಹೀಗೆ ಸಂಬಳದ ರಚನೆ ಬದಲಾಯಿಸಿಕೊಂಡವರು ಇದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಅವಳು ಎಚ್‌ಆರ್‌ಗೆ ಉತ್ತರ ಕೊಡಬೇಕು.